ಓದುಗರ ಜಗಲಿ: ಕುರಿ ಮಾರಿದವನು, ಬೇಕರಿ ಇಟ್ಟವನು

ಹೋದ ಸಂಚಿಕೆಯಲ್ಲಿ ಆಲೂರಿನ ಓದುಗರೊಬ್ಬರು ‘ದಿ ಆಲ್ಕೆಮಿಸ್ಟ್’ ಕಾದಂಬರಿ ಓದಿ ತಮ್ಮ ಬದುಕೇ ಬದಲಾಯಿತು, ನೀವೇನು ಹೇಳುತ್ತೀರಿ ಎಂದು ಕೇಳಿದ್ದರು. “ಸಂತೋಷ. ಆದರೆ ರಾಜೀನಾಮೆ ಬರೆಯುವ ಮುಂಚೆ ಗಾಜಿನ ಅಂಗಡಿಯ ಭಾಗವನ್ನು ಇನ್ನೊಂದು ಸಲ ಓದಿ” ಎಂದು ಉತ್ತರಿಸಿದ್ದೆ. ಇಷ್ಟೇ ಹೇಳಿದ್ದು. ಅದಕ್ಕೆ ಬಂದ ಕಾಗದ, ಮೆಸೇಜು ನೋಡಿದರೆ ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಯಲ್ಲಿ ಈ ಪುಸ್ತಕ ಓದದವರೇ ಇಲ್ಲವೇನೋ ಅನ್ನಿಸಿತು. ಕೆಲವರಿಗೆ ನಾನು ಹೊಗಳಿದೆ ಅಂತ ಸಿಟ್ಟು, ಕೆಲವರಿಗೆ ತೆಗಳಿದೆ ಅಂತ ಸಿಟ್ಟು. ಇರಲಿ. ಈ ಸಲ ಕೂದಲು ಉದುರುವವರು, ಸೊಸೆ ಮಾತು ಬಿಟ್ಟವರು ಎಲ್ಲ ಸ್ವಲ್ಪ ಕಾಯಬೇಕು. ಜಗಲಿ ಪೂರ್ತಿ ಇದಕ್ಕೇ.

ಓದದವರಿಗಾಗಿ ಕಥೆ ಚುಟುಕಾಗಿ. ಸ್ಪೇನಿನ ದಕ್ಷಿಣದಲ್ಲಿ ಸ್ಯಾಂಟಿಯಾಗೊ ಅಂತ ಕುರಿ ಕಾಯುವ ಹುಡುಗ. ಪಾಳುಬಿದ್ದ ಚರ್ಚಿನಲ್ಲಿ ಮಲಗಿದ್ದಾಗ ಈಜಿಪ್ಟಿನ ಪಿರಮಿಡ್ಡಿನ ಹತ್ತಿರ ನಿಧಿ ಇದೆ ಅಂತ ಕನಸು ಬೀಳುತ್ತದೆ. ಒಬ್ಬ ಮುದುಕ ರಾಜ ಸಿಕ್ಕಿ ಹೋಗು ಅನ್ನುತ್ತಾನೆ. ಹುಡುಗ ಕುರಿ ಮಾರಿ ಸಮುದ್ರ ದಾಟುತ್ತಾನೆ, ಮೊರಾಕೊದ ಟ್ಯಾಂಜಿಯರ್‌ನಲ್ಲಿ ಇದ್ದಬದ್ದ ದುಡ್ಡೆಲ್ಲ ಕಳ್ಳನ ಪಾಲಾಗುತ್ತದೆ, ಗಾಜಿನ ಅಂಗಡಿಯಲ್ಲಿ ಕೆಲಸಕ್ಕೆ ಸೇರುತ್ತಾನೆ, ಆಮೇಲೆ ಮರುಭೂಮಿ, ಓಯಸಿಸ್, ಫಾತಿಮಾ ಎಂಬ ಹುಡುಗಿ, ಸೀಸವನ್ನು ಚಿನ್ನ ಮಾಡಬಲ್ಲ ಒಬ್ಬ ರಸವಿದ್ಯೆಯವನು. ಕೊನೆಗೆ ಪಿರಮಿಡ್ಡಿನ ಬುಡದಲ್ಲಿ ಕಳ್ಳರ ಕೈಲಿ ಒದೆ ತಿನ್ನುವಾಗ ಗೊತ್ತಾಗುತ್ತದೆ, ನಿಧಿ ಇರುವುದು ತಾನು ಕನಸು ಕಂಡ ಆ ಪಾಳು ಚರ್ಚಿನಲ್ಲೇ ಅಂತ. ಬ್ರೆಜಿಲ್‌ನ ಪಾಲೊ ಕೊಯೆಲೊ ಪೋರ್ಚುಗೀಸ್‌ನಲ್ಲಿ ಬರೆದ ಈ ಪುಸ್ತಕ 1988ರಲ್ಲಿ ಬಂತು, ಇಂಗ್ಲಿಷಿಗೆ 1993ರಲ್ಲಿ. ಈಗ 80ಕ್ಕೂ ಹೆಚ್ಚು ಭಾಷೆಗಳಲ್ಲಿ ಸಿಗುತ್ತದೆ. ನಮ್ಮಲ್ಲಂತೂ ಬಸ್ ಸ್ಟ್ಯಾಂಡಿನ ಪುಸ್ತಕದಂಗಡಿಯಲ್ಲೂ ಇರುತ್ತದೆ.

ಇನ್ನು ಕಾಗದಗಳು.

ಅರಸೀಕೆರೆಯಿಂದ ಒಬ್ಬ ಬಸ್ ಚಾಲಕರು: ಮೇಡಂ, ನೈಟ್ ಹಾಲ್ಟ್ ಇದ್ದಾಗ ಬಸ್ಸಿನಲ್ಲೇ ಮಲಗಿ ಮೊಬೈಲ್ ಬೆಳಕಲ್ಲಿ ಓದಿದೆ. ನಾನು ದೊಡ್ಡ ಓದುಗ ಅಲ್ಲ. ಆದರೆ ಇದನ್ನು ಮುಗಿಸುವ ತನಕ ಬಿಡಲು ಮನಸ್ಸಾಗಲಿಲ್ಲ. ನನ್ನ ಮಗಳು (ಎಂ.ಎ. ಓದುತ್ತಿದ್ದಾಳೆ) ಇದು ‘ಸುಮ್ನೆ ಟೈಮ್‌ಪಾಸ್ ಪುಸ್ತಕ, ಸಾಹಿತ್ಯ ಅಲ್ಲ’ ಅನ್ನುತ್ತಾಳೆ. ಹೌದಾ?

ಮಗಳಿಗೆ ಹೇಳಿ, ಹಗಲೆಲ್ಲ ಸ್ಟೀರಿಂಗ್ ಹಿಡಿದ ಮನುಷ್ಯ ರಾತ್ರಿ ನಿದ್ದೆ ಬಿಟ್ಟು ಕೊನೆಯ ಪುಟದವರೆಗೆ ಓದುವ ಹಾಗೆ ಬರೆಯುವುದು ಸುಲಭದ ಕೆಲಸ ಅಲ್ಲ ಅಂತ. ಅವಳು ಹೇಳಿದ್ದರಲ್ಲೂ ಹುರುಳಿದೆ, ಮುಂದಿನ ಕಾಗದಗಳಲ್ಲಿ ಅದು ಬರುತ್ತದೆ. ನೀವು ಮಾತ್ರ ನೈಟ್ ಹಾಲ್ಟಿನಲ್ಲಿ ಓದುವುದನ್ನು ಬಿಡಬೇಡಿ. ಅವಳ ಕಪಾಟಿನಿಂದ ಒಂದು ಪುಸ್ತಕ ಎತ್ತಿಕೊಂಡು ಹೋಗಿ ಓದಿ, ವಾಪಸ್ ಬಂದು ಅವಳ ಜೊತೆ ಜಗಳ ಆಡಿ.

ಸಕಲೇಶಪುರದ ಕಾಫಿ ಬೆಳೆಗಾರರು: ನಿಮ್ಮ ಉತ್ತರ ತುಂಬಾ ಮೆತ್ತಗಿತ್ತು. ‘ನೀನು ಮನಸಾರೆ ಬಯಸಿದರೆ ಇಡೀ ವಿಶ್ವವೇ ಸೇರಿ ನಿನ್ನ ಸಹಾಯಕ್ಕೆ ನಿಲ್ಲುತ್ತದೆ’ ಅನ್ನುವ ಅರ್ಥದ ಮಾತು ಆ ಪುಸ್ತಕದಲ್ಲಿದೆ. ಅದನ್ನು ನನ್ನ ಭಾವಮೈದ ವಾಟ್ಸಾಪ್ ಸ್ಟೇಟಸ್‌ಗೆ ಹಾಕಿಕೊಂಡಿದ್ದಾನೆ. ಅವನು ಬೆಂಗಳೂರಲ್ಲಿ ಎ.ಸಿ. ರೂಮಲ್ಲಿ ಕೂತಿರುವವನು. ನಾನು ಪ್ರತಿ ವರ್ಷ ಮನಸಾರೆ ಬಯಸುವುದು ಒಂದೇ, ಹೂಮಳೆ. ವಿಶ್ವ ಎಲ್ಲಿ ನಿಂತಿದೆ ಸ್ವಲ್ಪ ಕೇಳಿ ಹೇಳಿ.

ನಿಮ್ಮ ಭಾವಮೈದನಿಗೆ ಗೊತ್ತಿರಲಿಕ್ಕಿಲ್ಲ, ಬಯಲುಸೀಮೆಯ ಓದುಗರಿಗೂ ಗೊತ್ತಿರಲಿಕ್ಕಿಲ್ಲ, ಅದಕ್ಕೆ ಬರೆಯುತ್ತೇನೆ. ಫೆಬ್ರವರಿ, ಮಾರ್ಚ್ ಹೊತ್ತಿಗೆ ಕಾಫಿ ಗಿಡದಲ್ಲಿ ಮೊಗ್ಗು ತಯಾರಾಗಿ ಕಾದಿರುತ್ತದೆ. ಆಗ ಒಂದು ಒಳ್ಳೆ ಮಳೆ ಬಿದ್ದರೆ ವಾರ ಹತ್ತು ದಿನದಲ್ಲಿ ತೋಟವೆಲ್ಲ ಬೆಳ್ಳಗೆ ಅರಳುತ್ತದೆ. ಆಮೇಲೆ ಎರಡು ಮೂರು ವಾರದೊಳಗೆ ಇನ್ನೊಂದು ಮಳೆ ಬರಬೇಕು, ತೋಟದವರು ಅದನ್ನು ಬ್ಯಾಕಿಂಗ್ ಮಳೆ ಅನ್ನುತ್ತಾರೆ. ಅದು ಬರದಿದ್ದರೆ ಕಟ್ಟಿದ ಕಾಯಿ ನಿಲ್ಲುವುದಿಲ್ಲ. ಮೊದಲ ಮಳೆ ಅರೆಬರೆ ಬಂದರೆ ಇನ್ನೂ ಕೆಟ್ಟದ್ದು, ಮೊಗ್ಗು ಅರಳಲೂ ಆಗದೆ ಹಾಗೆಯೇ ಕಮರುತ್ತದೆ. ಕೆರೆಯೋ ಹಳ್ಳವೋ ಇದ್ದವರು ಸ್ಪ್ರಿಂಕ್ಲರ್ ಹಾಕುತ್ತಾರೆ, ಇಲ್ಲದವರು ಆಕಾಶ ನೋಡುತ್ತಾರೆ. ಇಷ್ಟೆಲ್ಲ ದಾಟಿ ಹಣ್ಣು ಕೊಯ್ದು ಕಣದಲ್ಲಿ ಹರವಿದ ದಿನವೇ ಬೇಡದ ಮಳೆ ಬರುತ್ತದೆ. ಮಧ್ಯೆ ಆನೆ. ಬಯಸುವುದರಲ್ಲಿ ಯಾರಾದರೂ ಕಡಿಮೆ ಮಾಡಿದ್ದಾರಾ? ಇಲ್ಲ.

ಆದರೆ ಆ ಮಾತನ್ನು ಪುಸ್ತಕದಲ್ಲಿ ಹೇಳುವವನು ಯಾರು ನೋಡಿ. ಆ ಮುದುಕ ರಾಜ. ಬಿಟ್ಟಿ ಹೇಳುವುದಿಲ್ಲ ಅವನು. ನಿಧಿ ಹುಡುಕುವ ದಾರಿ ತಿಳಿಯಬೇಕಾದರೆ ನಿನ್ನ ಕುರಿಯಲ್ಲಿ ಹತ್ತನೇ ಒಂದು ಪಾಲು ಕೊಡು ಅನ್ನುತ್ತಾನೆ. ಹುಡುಗ ಮಾರನೇ ದಿನ ಆರು ಕುರಿ ಹೊಡೆದುಕೊಂಡು ಬರುತ್ತಾನೆ. ಅದಕ್ಕೆ ಮುಂಚೆ ಕನಸಿನ ಅರ್ಥ ಹೇಳಿದ ಹೆಂಗಸಿಗೂ ಮುಂದೆ ಸಿಗುವ ನಿಧಿಯಲ್ಲಿ ಹತ್ತನೇ ಒಂದು ಪಾಲಿನ ಕರಾರು. ವಿಶ್ವ ಸಹಾಯ ಮಾಡುತ್ತದೋ ಇಲ್ಲವೋ, ಸಲಹೆ ಕೊಟ್ಟವರ ಫೀಸಿನ ಕರಾರು ಮಾತ್ರ ಮುಂಗಡ! ಇದನ್ನು ಲೇಖಕ ಬೇಕೆಂದೇ ತಮಾಷೆಗೆ ಇಟ್ಟನೋ ಏನೋ, ಸ್ಟೇಟಸ್ ಹಾಕುವವರು ಮಾತ್ರ ಇದನ್ನು ಹಾಕುವುದಿಲ್ಲ.

ಇನ್ನೊಂದು. ಆ ಹುಡುಗನಿಗೆ ವಿಶ್ವ ಮಾಡಿದ ಸಹಾಯದ ಪಟ್ಟಿ ನೋಡಿದರೆ ನಿಮಗೆ ಸಮಾಧಾನ ಆಗಬಹುದು. ಮೊದಲ ದಿನವೇ ಕಳ್ಳತನ. ಮರುಭೂಮಿಯಲ್ಲಿ ಸೆರೆ, ಇದ್ದ ದುಡ್ಡು ಮತ್ತೆ ಹೋಯಿತು. ಕೊನೆಯಲ್ಲಿ ಒದೆ. ಪುಸ್ತಕದ ಗತಿಯೂ ಹಾಗೇ ಇತ್ತು. ಬ್ರೆಜಿಲ್‌ನಲ್ಲಿ ಮೊದಲು ಅಚ್ಚು ಹಾಕಿದ ಸಣ್ಣ ಪ್ರಕಾಶಕರು, ಇದು ಮಾರಾಟ ಆಗುವುದಿಲ್ಲ ಎಂದು ಹಕ್ಕನ್ನೇ ಲೇಖಕರಿಗೆ ವಾಪಸ್ ಕೊಟ್ಟರು. ಇನ್ನೊಬ್ಬ ಪ್ರಕಾಶಕರ ಬಾಗಿಲು ತಟ್ಟಿದ್ದು ಕೊಯೆಲೊ ಎಂಬ ಮನುಷ್ಯ.

ಬೇಲೂರಿನಿಂದ ಒಬ್ಬ ಗೃಹಿಣಿ: ನಮ್ಮ ಅತ್ತೆಗೆ ಕಣ್ಣು ಕಾಣಿಸುವುದಿಲ್ಲ. ದಿನಾ ಸಂಜೆ ಏನಾದರೂ ಓದಿ ಹೇಳುತ್ತೇನೆ. ಈ ಕಥೆಯನ್ನು ಕನ್ನಡದಲ್ಲಿ ಹೇಳುತ್ತಾ ಹೋದೆ. ಎಲ್ಲ ಕೇಳಿಸಿಕೊಂಡು ಕೊನೆಗೆ ಅತ್ತೆ “ಅಷ್ಟೇನಾ? ಬೆಣ್ಣೆ ಕೈಲಿಟ್ಕೊಂಡು ತುಪ್ಪಕ್ಕೆ ಊರೆಲ್ಲ ಅಲೆದನಂತೆ ಅನ್ನು” ಅಂದರು. ಇಡೀ ಕಾದಂಬರಿ ಒಂದೇ ಗಾದೆಗೆ ಮುಗಿದುಹೋಯಿತು. ಹಾಗಾದರೆ ಇದು ಹಳೇ ಕಥೆಯ ಕಾಪಿನಾ?

ನಿಮ್ಮ ಅತ್ತೆಯವರಿಗೆ ಈ ಅಂಕಣ ಬರೆಯಲು ಕೊಟ್ಟು ನಾನು ಮನೆಗೆ ಹೋಗಬಹುದು ಅಂತ ಕಾಣುತ್ತದೆ.

ಕಥೆ ಹಳೆಯದೇ. 13ನೇ ಶತಮಾನದ ಪರ್ಷಿಯನ್ ಕವಿ ರೂಮಿಯ ‘ಮಸ್ನವಿ’ ಕಾವ್ಯದಲ್ಲಿದೆ, ‘ಸಾವಿರದೊಂದು ರಾತ್ರಿ’ಗಳಲ್ಲೂ ಇದೆ. ಬಾಗ್ದಾದಿನ ಒಬ್ಬ ದಿವಾಳಿ ಎದ್ದವನಿಗೆ ನಿನ್ನ ಅದೃಷ್ಟ ಕೈರೋದಲ್ಲಿದೆ ಅಂತ ಕನಸು ಬೀಳುತ್ತದೆ. ಅಲ್ಲಿಗೆ ಹೋದರೆ ಕಳ್ಳ ಅಂತ ಹಿಡಿದು ಹೊಡೆಯುತ್ತಾರೆ. ಅಲ್ಲಿನ ಅಧಿಕಾರಿ ನಕ್ಕು, “ಅಯ್ಯೋ ಪೆದ್ದ, ಬಾಗ್ದಾದಿನಲ್ಲಿ ಇಂಥ ಮನೆಯ ಕಾರಂಜಿ ಕೆಳಗೆ ನಿಧಿ ಇದೆ ಅಂತ ನನಗೂ ಕನಸು ಬೀಳುತ್ತಲೇ ಇದೆ, ನಾನು ಹೊರಟೆನಾ?” ಅನ್ನುತ್ತಾನೆ. ಅವನು ಹೇಳಿದ್ದು ಈ ಮನುಷ್ಯನದೇ ಮನೆ. ಕೊಯೆಲೊ ಕಾದಂಬರಿಯ ಅಡಿಪಾಯ ಇದೇ. ಕಾಪಿ ಅನ್ನಲಾರೆ, ಇಂಥ ಕಥೆಗಳಿಗೆ ಮಾಲೀಕರಿರುವುದಿಲ್ಲ. ನನ್ನ ತಕರಾರು ಬೇರೆ. ಹಳೆಯ ಕಥೆ ಒಂದೂವರೆ ಪುಟದಲ್ಲಿ ಮುಗಿದು, ನಗಿಸಿ, ನಮ್ಮನ್ನು ಯೋಚಿಸಲು ಬಿಟ್ಟು ಎದ್ದು ಹೋಗುತ್ತದೆ. ಕಾದಂಬರಿ ಹಾಗೆ ಬಿಡುವುದಿಲ್ಲ. ಪ್ರತಿ ತಿರುವಿನಲ್ಲೂ ಒಬ್ಬರು ನಿಂತು ಇದರ ಅರ್ಥ ಹೀಗೆ ಎಂದು ವಿವರಿಸುತ್ತಾರೆ. ಅರಸೀಕೆರೆಯ ಮಗಳು ಸಾಹಿತ್ಯ ಅಲ್ಲ ಅನ್ನುವುದು ಬಹುಶಃ ಈ ಕಾರಣಕ್ಕೆ. ಕಥೆ ನನಗೆ ಇಷ್ಟ. ಉಪದೇಶದ ಸಾಲುಗಳು ಬಂದಾಗ ಪುಟ ತಿರುಗಿಸುತ್ತೇನೆ. ಅದೇನೂ ಅಪರಾಧ ಅಲ್ವಲ್ಲ.

ಚನ್ನರಾಯಪಟ್ಟಣದ ವಿದ್ಯಾರ್ಥಿ: ಕೆ.ಎ.ಎಸ್. ಪರೀಕ್ಷೆಗೆ ಓದುತ್ತಿದ್ದೇನೆ. ಮೋಟಿವೇಶನ್‌ಗೆ ಈ ಪುಸ್ತಕ ಓದಬಹುದಾ?

ಪರೀಕ್ಷೆ ಮುಗಿದ ಮಾರನೇ ದಿನ ಓದಿ. ಅಲ್ಲಿಯವರೆಗೆ ಹಳೇ ಪ್ರಶ್ನೆಪತ್ರಿಕೆ ಬಿಡಿಸಿ.

ಹಾಸನದಿಂದ, ‘ಬೇಕರಿಯವರ ಮಗ’: ಪುಸ್ತಕದ ಶುರುವಿನಲ್ಲೇ ಒಬ್ಬ ಬೇಕರಿಯವನು ಬರುತ್ತಾನಲ್ಲ. ಚಿಕ್ಕಂದಿನಲ್ಲಿ ಊರೂರು ಸುತ್ತುವ ಆಸೆ ಇತ್ತಂತೆ, ಆದರೆ ಮೊದಲು ಬೇಕರಿ ಇಟ್ಟು ದುಡ್ಡು ಮಾಡಿ ಆಮೇಲೆ ನೋಡೋಣ ಅಂದುಕೊಂಡನಂತೆ. ಮುದುಕ ರಾಜ ಅವನನ್ನು ಬೆರಳು ಮಾಡಿ ತೋರಿಸಿ, ನೋಡು, ಕನಸು ಬಿಟ್ಟವನು ಹೀಗಾಗುತ್ತಾನೆ ಅನ್ನುವ ಹಾಗೆ ಮಾತಾಡುತ್ತಾನೆ. ಮೇಡಂ, ನನಗೆ ಸಿಟ್ಟು ಬಂದು ಅಲ್ಲೇ ಪುಸ್ತಕ ಮಡಚಿಟ್ಟೆ. ನಮ್ಮಪ್ಪ ಮೀಸೆ ಮೂಡುವ ಮುಂಚೆ ಹಳ್ಳಿಯಿಂದ ಹೊರಟು ಗುರುತಿಲ್ಲದ ಊರಲ್ಲಿ ಬೇಕರಿ ಕೆಲಸಕ್ಕೆ ಸೇರಿದವರು. ಅವರಿಗೆ ಕನಸು ಇರಲಿಲ್ಲವಾ?

ಈ ಸಲದ ಕಾಗದಗಳಲ್ಲಿ ನನಗೆ ತುಂಬಾ ಹಿಡಿಸಿದ್ದು ನಿಮ್ಮದು. ಹಾಸನದವರಿಗೆ ಮಾತ್ರ ಹೊಳೆಯಬಹುದಾದ ತಕರಾರು ಇದು.

ಬೇರೆ ಕಡೆಯ ಓದುಗರಿಗೆ: ಕರ್ನಾಟಕದ ಯಾವ ಪೇಟೆಗೆ ಹೋದರೂ ‘ಅಯ್ಯಂಗಾರ್ ಬೇಕರಿ’ ಬೋರ್ಡು ಕಾಣಿಸುತ್ತದಲ್ಲ, ಅದರ ಬೇರು ನಮ್ಮ ಹಾಸನ ಜಿಲ್ಲೆಯದು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಹಾಸನದ ಕಡೆಯವರು ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಶುರು ಮಾಡಿದ ಬೇಕರಿಯಿಂದ ಈ ಪರಂಪರೆ ಬೆಳೆಯಿತು. ಒಬ್ಬರು ಅಂಗಡಿ ಇಟ್ಟರೆ ಊರಿನಿಂದ ತಮ್ಮನನ್ನು, ಅಕ್ಕನ ಮಗನನ್ನು, ಪಕ್ಕದ ಮನೆ ಹುಡುಗನನ್ನು ಕರೆಸಿಕೊಂಡರು. ಆ ಹುಡುಗ ಕೆಲಸ ಕಲಿತು ಇನ್ನೊಂದು ಊರಿಗೆ ಹೋದ. ಈಗ ಎಲ್ಲ ಜಾತಿಯವರೂ ಈ ಕಸುಬಿನಲ್ಲಿದ್ದಾರೆ, ಬೋರ್ಡು ಮಾತ್ರ ಅದೇ.

ಆ ಹುಡುಗರ ದಿನ ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಬೆಳಗಿನ ಜಾವ ಎದ್ದು ಹಿಟ್ಟು ನಾದಬೇಕು. ಬ್ರೆಡ್ ಒಲೆಗೆ ಹೋದ ಮೇಲೆ ಬನ್ನು, ಅದಾದ ಮೇಲೆ ಖಾರಾ ಬಿಸ್ಕತ್ತು, ಬೆಣ್ಣೆ ಬಿಸ್ಕತ್ತು. ಮಧ್ಯಾಹ್ನದೊಳಗೆ ದಿಲ್‌ಪಸಂದ್ ಕತ್ತರಿಸಿ ಗಾಜಿನ ಕಪಾಟಿಗೆ ತುಂಬಬೇಕು. ಸಂಜೆ ನಾಲ್ಕಕ್ಕೆ ಶಾಲೆ ಬಿಟ್ಟ ಮಕ್ಕಳು, ಆರಕ್ಕೆ ಪಫ್ಸು ಕೇಳುವವರು, ಒಂಬತ್ತಕ್ಕೆ “ನಾಳೆ ಬೆಳಿಗ್ಗೆ ಕೇಕ್ ಬೇಕು, ಹೆಸರು ಬರೀಬೇಕು” ಅನ್ನುವವರು. ರಾತ್ರಿ ಮೈದಾ ಮೂಟೆ ಪಕ್ಕದಲ್ಲೇ ಚಾಪೆ. ಮೊದಮೊದಲು ಊರಿನ ಭಾಷೆಯೂ ತಿಳಿಯದ ಕಡೆ ಹೋದವರಿದ್ದಾರೆ. ಸ್ಯಾಂಟಿಯಾಗೊ ಟ್ಯಾಂಜಿಯರ್‌ನಲ್ಲಿ ಭಾಷೆ ಬರದೆ ಒದ್ದಾಡಿದ್ದೂ ಹೀಗೇ ಅಲ್ವಾ?

ಪುಸ್ತಕದಲ್ಲಿ ಆ ಬೇಕರಿಯವನ ಬಗ್ಗೆ ಇನ್ನೊಂದು ಮಾತಿದೆ, ನೀವು ಅಷ್ಟರಲ್ಲಿ ಮಡಚಿಟ್ಟಿರಬೇಕು. ಕುರಿ ಕಾಯುವವನಿಗಿಂತ ಬೇಕರಿಯವನಿಗೆ ಮರ್ಯಾದೆ ಜಾಸ್ತಿ, ಹೆಣ್ಣು ಹೆತ್ತವರು ಬೇಕರಿಯವನಿಗೇ ಕೊಡಲು ನೋಡುತ್ತಾರೆ ಅಂತ ಮುದುಕ ಹೇಳುತ್ತಾನೆ. ಇದನ್ನು ಓದಿ ನನಗೆ ನಗು ಬಂತು. ಈಗ ನಮ್ಮ ಕಡೆ ಬೇಕರಿ ಹುಡುಗರಿಗೆ ಹೆಣ್ಣು ಹುಡುಕಿ ನೋಡಲಿ ಆ ರಾಜ, ಗೊತ್ತಾಗುತ್ತದೆ. “ಕೆಲಸ ಏನು? ಬೇಕರೀನಾ? ಸ್ವಂತದ್ದಾ?” ಅಂತ ಶುರುವಾಗಿ, ಫೋಟೋ ನೋಡುವ ಮುಂಚೆಯೇ ಮಾತು ಮುಗಿದಿರುತ್ತದೆ.

ಮಡಚಿಟ್ಟ ಪುಸ್ತಕವನ್ನು ಮತ್ತೆ ತೆಗೆಯಿರಿ. ಸಿಟ್ಟಿಟ್ಟುಕೊಂಡೇ ಓದಿ. ನಿಮ್ಮಪ್ಪನಿಗೆ ಬಿಡುವಾದಾಗ ಆ ಬೇಕರಿಯವನ ಪುಟ ಓದಿ ಹೇಳಿ, ಅವರು ಏನಂದರು ಅಂತ ನನಗೆ ಬರೆಯಿರಿ. ಅವರಿಗೆ ನಿಜವಾಗಿ ಬೇರೆ ಏನೋ ಆಸೆ ಇತ್ತು ಅಂತಲೂ ಗೊತ್ತಾಗಬಹುದು. ಅದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡೇ ಕೇಳಿ.

ಚಿಕ್ಕಮಗಳೂರಿನಿಂದ ಒಬ್ಬ ಉಪನ್ಯಾಸಕಿ: ಹುಡುಗರಿಗೆ ನಿಧಿ, ಹುಡುಗಿಯರಿಗೆ ಕಾಯುವ ಕೆಲಸ. ಫಾತಿಮಾ ಅನ್ನುವ ಪಾತ್ರ ಇಡೀ ಪುಸ್ತಕದಲ್ಲಿ ಮಾಡುವುದೇನು? ನನ್ನ ವಿದ್ಯಾರ್ಥಿನಿಯರು ಇದನ್ನೇ ‘ಎಷ್ಟು ಚೆನ್ನಾಗಿದೆ ಪ್ರೀತಿ’ ಅನ್ನುತ್ತಾರೆ, ನನಗೆ ತಲೆ ಕೆಡುತ್ತದೆ.

ಬಾವಿಗೆ ನೀರಿಗೆ ಬರುತ್ತಾಳೆ, ಅವನನ್ನು ನೋಡುತ್ತಾಳೆ, ನೀನು ಹೋಗಿ ಬಾ, ಮರುಭೂಮಿಯ ಹೆಂಗಸರಿಗೆ ಕಾಯುವುದು ಗೊತ್ತು ಅನ್ನುತ್ತಾಳೆ. ಅಷ್ಟೇ. ಅವಳಿಗೂ ಒಂದು ಕನಸು ಬಿದ್ದಿದ್ದರೆ ಕಥೆ ಏನಾಗುತ್ತಿತ್ತು ಎಂದು ಕಾದಂಬರಿ ಒಂದು ಕ್ಷಣವೂ ಯೋಚಿಸುವುದಿಲ್ಲ. ಪುಸ್ತಕದ ದೊಡ್ಡ ಕೊರತೆ ಇದು, ನಿಮ್ಮ ಮಾತನ್ನು ಪೂರ್ತಿ ಒಪ್ಪುತ್ತೇನೆ. ಅದಕ್ಕೂ ಮುಂಚೆ ಸ್ಪೇನಿನಲ್ಲಿ ಉಣ್ಣೆ ಕೊಳ್ಳುವ ವ್ಯಾಪಾರಿಯ ಮಗಳೊಬ್ಬಳಿದ್ದಾಳೆ. ಹುಡುಗ ಒಂದು ವರ್ಷದಿಂದ ಅವಳ ಗುಂಗಿನಲ್ಲೇ ಇರುತ್ತಾನೆ, ಆಮೇಲೆ ಅವಳು ಎಲ್ಲಿ ಹೋದಳೋ.

ಆದರೆ ವಿದ್ಯಾರ್ಥಿನಿಯರನ್ನು ಬೈಯಬೇಡಿ. ಒಂದು ಕೆಲಸ ಕೊಡಿ: ಫಾತಿಮಾ ಆ ಹುಡುಗನಿಗೆ ಬರೆದ ಒಂದು ಕಾಗದವನ್ನು ಅವರೇ ಬರೆಯಲಿ, ಅವನು ಹೋಗಿ ಆರು ತಿಂಗಳಾದ ಮೇಲೆ. ಚೆನ್ನಾಗಿ ಬಂದರೆ ಇಲ್ಲಿಗೆ ಕಳಿಸಿ, ಹಾಕೋಣ.

ಮೂಡಿಗೆರೆಯಿಂದ ಒಬ್ಬ ತಂದೆ: ಸಾಲ ಮಾಡಿ ಮಗನನ್ನು ಎಂಜಿನಿಯರಿಂಗ್ ಓದಿಸಿದೆ. ಬೆಂಗಳೂರಲ್ಲಿ ಒಳ್ಳೆ ಕೆಲಸದಲ್ಲಿದ್ದಾನೆ. ದೀಪಾವಳಿಗೆ ಬಂದವನು ಈ ಪುಸ್ತಕ ಕೈಲಿ ಹಿಡಿದು, ಕೆಲಸ ಬಿಟ್ಟು ಊರಿಗೇ ಬರುತ್ತೇನೆ, ಇರುವ ತೋಟದಲ್ಲೇ ಹೋಂಸ್ಟೇ ಮಾಡುತ್ತೇನೆ ಅನ್ನುತ್ತಿದ್ದಾನೆ. ನಿಧಿ ಮನೆಯಲ್ಲೇ ಇದೆಯಂತೆ. ಅವನ ತಾಯಿ ಅಳುತ್ತಿದ್ದಾಳೆ. ಒಂದು ಪುಸ್ತಕ ಮನೆ ಹಾಳು ಮಾಡುತ್ತದಾ ಮೇಡಂ?

ಪುಸ್ತಕ ಒಂದೇ ಕಾರಣ ಇರಲಾರದು. ಅವನ ಮನಸ್ಸಿನಲ್ಲಿ ಮೊದಲೇ ಇದ್ದದ್ದಕ್ಕೆ ಇದು ಒಂದು ನೆಪ, ಕೈಲಿ ಹಿಡಿದು ಅಪ್ಪನ ಮುಂದೆ ನಿಲ್ಲಲು ಒಂದು ಧೈರ್ಯ. ಇದೇ ಲೇಖಕರ ಕಥೆ ನೋಡಿ. 1947ರಲ್ಲಿ ಹುಟ್ಟಿದ ಕೊಯೆಲೊ ಹದಿಹರೆಯದಲ್ಲಿ ತಾನು ಬರಹಗಾರ ಆಗುತ್ತೇನೆ ಅಂದಾಗ ಅಪ್ಪ ಅಮ್ಮ ಗಾಬರಿಯಾಗಿ ಮಾನಸಿಕ ಆಸ್ಪತ್ರೆಗೇ ಸೇರಿಸಿದ್ದರು, ಒಂದು ಸಲ ಅಲ್ಲ, ಮತ್ತೆ ಮತ್ತೆ. ನೀವು ನನಗೆ ಕಾಗದ ಬರೆದಿದ್ದೀರಿ. ಎಷ್ಟೋ ವಾಸಿ.

ಈಗ ಮಗನಿಗೆ. ನಿಧಿ ಮನೆಯಲ್ಲೇ ಇತ್ತು ಅನ್ನುವುದು ಕೊನೆಯ ಪುಟ. ಅದಕ್ಕೆ ಮುಂಚೆ ಸ್ಯಾಂಟಿಯಾಗೊ ಗಾಜಿನ ಅಂಗಡಿಯಲ್ಲಿ ಹೆಚ್ಚೂಕಡಿಮೆ ಹನ್ನೊಂದು ತಿಂಗಳು ಕೆಲಸ ಮಾಡಿದ್ದಾನೆ. ಧೂಳು ಹಿಡಿದ ಲೋಟ ಒರೆಸುವುದರಿಂದ ಶುರು. ದಾರಿಯಲ್ಲಿ ಹೋಗುವವರಿಗೆ ಕಾಣುವ ಹಾಗೆ ಹೊರಗೊಂದು ಕಪಾಟು ಇಟ್ಟ. ಬೆಟ್ಟ ಹತ್ತಿ ಬರುವ ಜನರಿಗೆ ಬಾಯಾರಿಕೆ ಆಗುತ್ತದೆ, ಅವರಿಗೆ ಈ ಗಾಜಿನ ಲೋಟದಲ್ಲೇ ಟೀ ಕೊಡೋಣ ಅಂದ. ವ್ಯಾಪಾರ ಎದ್ದಿತು. ಪುಸ್ತಕದಲ್ಲಿ ಮಂತ್ರವೂ ಇಲ್ಲ, ವಿಶ್ವದ ಸಹಾಯವೂ ಇಲ್ಲದ ಭಾಗ ಇದೊಂದೇ, ನನಗೆ ಅತ್ಯಂತ ಇಷ್ಟವಾದ ಭಾಗವೂ ಇದೇ. ಜನ ಇದನ್ನು ಬೇಗ ಬೇಗ ಓದಿ ಮರುಭೂಮಿಗೆ ಓಡುತ್ತಾರೆ.

ಹಾಗಾಗಿ ಮಗ ಬರಲಿ, ಆದರೆ ಸುಮ್ನೆ ಬರುವುದು ಬೇಡ. ಬೇರೆಯವರ ಹೋಂಸ್ಟೇಯಲ್ಲಿ ಒಂದು ಮಳೆಗಾಲ ಕೆಲಸ ಮಾಡಲಿ. ಮಳೆಗಾಲವೇ ಆಗಬೇಕು, ಡಿಸೆಂಬರ್ ಅಲ್ಲ. ಕರೆಂಟ್ ಹೋಗಿ, ಜನರೇಟರ್ ಕೈಕೊಟ್ಟು, ಬಂದ ಅತಿಥಿಗಳು ಇಂಬಳ ಕಚ್ಚಿತು ಅಂತ ಕಿರುಚಿಕೊಂಡು, ವೈಫೈ ಯಾಕಿಲ್ಲ ಎಂದು ಜಗಳ ತೆಗೆದಾಗ ನಗುತ್ತಾ ಕಾಫಿ ಕೊಡಲು ಅವನಿಂದ ಆಗುತ್ತದಾ ನೋಡಲಿ. ಹಾಸಿಗೆ ಬಟ್ಟೆ ಒಗೆದು ಆ ತೇವದಲ್ಲಿ ಒಣಗಿಸುವುದು ಹೇಗೆ ಅಂತ ಕಲಿಯಲಿ. ಲೈಸೆನ್ಸಿಗೆ ಏನೇನು ಕಾಗದ ಬೇಕು, ವರ್ಷದಲ್ಲಿ ರೂಮು ಖಾಲಿ ಇರುವ ತಿಂಗಳು ಎಷ್ಟು, ಬರೆದಿಟ್ಟುಕೊಳ್ಳಲಿ. ನಿಮ್ಮ ಸಾಲದ ಕಂತು ಎಷ್ಟು ಬಾಕಿ ಇದೆ ಎಂದು ನೀವೂ ಅವನಿಗೆ ನೇರವಾಗಿ ಹೇಳಿ, ಮುಚ್ಚಿಡಬೇಡಿ. ಇದೆಲ್ಲ ಆದ ಮೇಲೂ ಅವನಿಗೆ ಬೇಕು ಅನ್ನಿಸಿದರೆ, ತಾಯಿಗೆ ಹೇಳಿ, ಅಳುವುದು ಬೇಡ, ಮಗ ಮನೆಗೇ ಬರುತ್ತಿದ್ದಾನೆ. ಎಷ್ಟು ಜನ ತಾಯಂದಿರು ಇದಕ್ಕೆ ಉಲ್ಟಾ ಅಳುತ್ತಿದ್ದಾರೆ ಅಂತ ನನ್ನ ಅಂಚೆ ಡಬ್ಬಿ ನೋಡಿದರೆ ಗೊತ್ತಾಗುತ್ತದೆ.

ಕೊಪ್ಪದಿಂದ: ತೇಜಸ್ವಿ ಬದುಕಿ ಬರೆದ ಜಿಲ್ಲೆಯವರು ನಾವು. ‘ಕರ್ವಾಲೊ’ ಓದಿದವರಿಗೆ ಇಂಥ ಪುಸ್ತಕ ಯಾಕೆ ಬೇಕು?

‘ಕರ್ವಾಲೊ’ದಲ್ಲೂ ಒಂದು ಹುಡುಕಾಟವೇ ಇರುವುದು, ಹಾರುವ ಓತಿಯದು. ಅಷ್ಟು ಕಷ್ಟಪಟ್ಟು ಹುಡುಕಿದ ಓತಿ ಕೊನೆಗೆ ಕೈಗೆ ಸಿಗದೆ ಕಣಿವೆಯ ಕಡೆ ತೇಲಿ ಹೋಗುತ್ತದೆ. ನನಗೂ ಆ ಕೊನೆಯೇ ಇಷ್ಟ. ಆದರೆ ಒಂದನ್ನು ಓದಿದವರು ಇನ್ನೊಂದನ್ನು ಓದಬಾರದು ಅನ್ನುವುದು ಯಾವ ನ್ಯಾಯ? ಪುಸ್ತಕಗಳಿಗೆ ಸವತಿ ಮಾತ್ಸರ್ಯ ಇಲ್ಲ ಸ್ವಾಮಿ, ಓದುಗರಿಗೇ ಇರುವುದು.

ಚಿಕ್ಕಮಗಳೂರಿನ ಒಬ್ಬ ಶಿಕ್ಷಕಿ, ನಿವೃತ್ತಿಗೆ ಹತ್ತಿರ: ಅಕ್ಕಾ, ಎಲ್ಲರೂ ಸ್ಯಾಂಟಿಯಾಗೊ ಬಗ್ಗೆ ಮಾತಾಡುತ್ತಾರೆ. ನನಗೆ ಆ ಗಾಜಿನ ಅಂಗಡಿಯವನೇ ಕಾಡಿದ್ದು. ಮೆಕ್ಕಾಗೆ ಹೋಗಬೇಕು ಅಂತ ಜೀವನವೆಲ್ಲ ಅಂದುಕೊಳ್ಳುತ್ತಾನೆ, ಹೋಗುವುದಿಲ್ಲ. ಹೋಗಿಬಿಟ್ಟರೆ ಆಮೇಲೆ ಬದುಕಲು ಏನು ಉಳಿಯುತ್ತದೆ ಅಂತ ಅವನಿಗೆ ಭಯ. ನಾನೂ ಮದುವೆಯಾದಾಗಿನಿಂದ ಕಾಶಿಗೆ ಹೋಗಬೇಕು ಅನ್ನುತ್ತಲೇ ಇದ್ದೇನೆ. ನಾನು ಅವನೇನಾ?

ಅವನಾಗಿದ್ದರೆ ಬೇಜಾರೇನಿಲ್ಲ. ನನ್ನ ಪ್ರಕಾರ ಆ ಕಾದಂಬರಿಯಲ್ಲಿ ಉಸಿರಾಡುವ ಮನುಷ್ಯ ಅವನೊಬ್ಬನೇ. ಉಳಿದವರಿಗೆಲ್ಲ ಎಲ್ಲ ಗೊತ್ತು. ಅವನಿಗೆ ತನಗೆ ಏನು ಗೊತ್ತಿಲ್ಲ ಅಂತ ಗೊತ್ತು. ಹುಡುಗ ಹೊರಡುವಾಗ, ನಾನು ಮೆಕ್ಕಾಗೆ ಹೋಗುವುದಿಲ್ಲ ಅಂತ ನಿನಗೆ ಗೊತ್ತು, ನೀನು ಮತ್ತೆ ಕುರಿ ಕೊಳ್ಳುವುದಿಲ್ಲ ಅಂತಲೂ ನಿನಗೆ ಗೊತ್ತು ಎಂಬ ಅರ್ಥದಲ್ಲಿ ಹೇಳಿ ಹರಸಿ ಕಳಿಸುತ್ತಾನೆ. ಇಷ್ಟು ನಿಜ ಮಾತಾಡುವವರು ಪುಸ್ತಕದಲ್ಲಿ ಬೇರೆ ಯಾರೂ ಇಲ್ಲ.

ನೀವು ಇರುವ ಊರೂ ನೋಡಿ ಎಂಥದ್ದು. 17ನೇ ಶತಮಾನದಲ್ಲಿ ಬಾಬಾಬುಡನ್ ಮೆಕ್ಕಾ ಯಾತ್ರೆಗೆ ಹೋದವರು ಯೆಮನ್‌ನ ಮೋಕಾದಿಂದ ಏಳು ಕಾಫಿ ಬೀಜ ತಂದು ಚಂದ್ರದ್ರೋಣದ ಮೇಲೆ ಬಿತ್ತಿದರು ಅನ್ನುತ್ತಾರೆ. ಯಾತ್ರೆಗೆ ಹೋದವರು ವಾಪಸ್ ಬಂದರೆ ಇಡೀ ಜಿಲ್ಲೆಗೆ ಬದುಕು ಕೊಡಬಹುದು. ಹೋಗದೆ ಅಂಗಡಿಯಲ್ಲೇ ಕೂತವನು ಒಬ್ಬ ಹುಡುಗನಿಗೆ ಕೆಲಸ ಕೊಟ್ಟ. ಎರಡನ್ನೂ ನಾನು ತಕ್ಕಡಿಯಲ್ಲಿಟ್ಟು ತೂಗಲಾರೆ. ಆದರೆ ಒಂದು ಮಾತು: ಕಾಶಿ ಯಾತ್ರೆಗೆ ಮುಜರಾಯಿ ಇಲಾಖೆಯ ಸಹಾಯಧನ ಇದೆ, ವಿಚಾರಿಸಿ. ನಿವೃತ್ತಿಯಾದ ಮೇಲೆ ಮಂಡಿ ನೋವು ಶುರುವಾದರೆ ಘಾಟಿನ ಮೆಟ್ಟಿಲು ಇಳಿಯುವುದು ಕಷ್ಟ. ಹೋಗುವ ಮನಸ್ಸಿಲ್ಲದಿದ್ದರೆ ಅದನ್ನೂ ಒಪ್ಪಿಕೊಂಡು ಆರಾಮವಾಗಿರಿ. ಪ್ರತಿ ಹಬ್ಬಕ್ಕೂ ಮನೆಯವರ ಮುಂದೆ ಆ ಮಾತು ತೆಗೆದು ನಿಟ್ಟುಸಿರು ಬಿಡುವುದು ಬೇಡ.

ಕಡೂರಿನ ಕಡೆಯಿಂದ: ನಮ್ಮದು ಕುರಿ ಸಾಕುವ ಮನೆತನ. ನಾನೂ ಸ್ವಲ್ಪ ಓದಿದ್ದೇನೆ, ಈ ಪುಸ್ತಕವನ್ನೂ ಓದಿದೆ. ಆ ಹುಡುಗ ಕುರಿ ಬಿಟ್ಟು ಪುಸ್ತಕ ಓದಿಕೊಂಡು ಕೂರುತ್ತಾನೆ, ಪುಸ್ತಕವನ್ನೇ ತಲೆದಿಂಬು ಮಾಡಿಕೊಂಡು ಮಲಗುತ್ತಾನೆ. ನಮಗೆ ಕಣ್ಣು ಮುಚ್ಚಿದರೆ ಎರಡು ಮರಿ ಇರುವುದಿಲ್ಲ. ಲೇಖಕರು ಒಂದು ದಿನವಾದರೂ ಕುರಿ ಕಾದಿದ್ದಾರಾ? ಮತ್ತೆ ಆ ಕುರಿಗಳು ಏನಾದವು? ಅದನ್ನು ಯಾರೂ ಕೇಳಲ್ಲ.

ಕೇಳಬೇಕಾದ ಪ್ರಶ್ನೆ ಕೇಳಿದ್ದೀರಿ. ಕೊಯೆಲೊ ಹಾಡು ಬರೆದವರು, 1986ರಲ್ಲಿ ಸ್ಪೇನಿನಲ್ಲಿ ನೂರಾರು ಕಿಲೋಮೀಟರ್ ಯಾತ್ರೆ ನಡೆದವರು. ಮಂದೆಯ ಹಿಂದೆ ನಡೆದವರ ಬರವಣಿಗೆಯಂತೂ ಅದಲ್ಲ. ಗೊತ್ತಿದ್ದವರು ಬರೆದಿದ್ದರೆ ಕಥೆಯಲ್ಲಿ ಮೊದಲು ಬರುತ್ತಿದ್ದದ್ದು ನೀಲಿ ನಾಲಿಗೆ ರೋಗ, ಮಳೆಗಾಲದಲ್ಲಿ ಕೊಳೆಯುವ ಗೊರಸು, ದಾರಿ ಬದಿಯ ಹೊಲದವರ ಜಗಳ, ರಾತ್ರಿ ತೋಳಕ್ಕೋ ಕಳ್ಳರಿಗೋ ಕಾವಲು. ಸುಗ್ಗಿ ಮುಗಿದ ಹೊಲದಲ್ಲಿ ಗೊಬ್ಬರಕ್ಕೆಂದು ಮಂದೆ ನಿಲ್ಲಿಸಿ ದುಡ್ಡೋ ಕಾಳೋ ಪಡೆಯುವ ಲೆಕ್ಕಾಚಾರ ಆ ಹುಡುಗನಿಗೆ ಗೊತ್ತೇ ಇಲ್ಲ. ಅವನಿಗೆ ಉಣ್ಣೆ ಮಾರುವುದೊಂದೇ ವ್ಯಾಪಾರ. ನಮ್ಮ ಕಡೆ ‘ಹಾಸನ’ ಅಂತಲೇ ಒಂದು ಕುರಿ ತಳಿ ಇದೆ ಅನ್ನುವುದು ಪೇಟೆಯ ಎಷ್ಟು ಓದುಗರಿಗೆ ಗೊತ್ತು?

ಕುರಿಗಳು ಏನಾದವು ಅನ್ನುವುದಕ್ಕೆ ಪುಸ್ತಕದಲ್ಲಿ ಉತ್ತರ ಇದೆ, ಒಂದೆರಡು ವಾಕ್ಯ ಮಾತ್ರ. ಆರು ಕುರಿ ರಾಜನಿಗೆ ಹೋದವು. ಉಳಿದವನ್ನೆಲ್ಲ ಹುಡುಗನ ಸ್ನೇಹಿತನೊಬ್ಬ ತಕ್ಷಣ ಕೊಂಡುಕೊಂಡ. ತಾನು ಕುರಿ ಕಾಯುವವನಾಗಬೇಕು ಅಂತ ಯಾವಾಗಲೂ ಕನಸು ಕಾಣುತ್ತಿದ್ದೆ, ಇದು ಒಳ್ಳೆ ಶಕುನ ಅಂದನಂತೆ. ಇಡೀ ಪುಸ್ತಕದಲ್ಲಿ ಕಾದು ಕೂರದೆ, ಒದೆ ತಿನ್ನದೆ, ಕೇಳಿದ ದಿನವೇ ಕನಸು ಕೈಗೆ ಸಿಕ್ಕಿದ್ದು ಆ ಹೆಸರಿಲ್ಲದ ಸ್ನೇಹಿತನಿಗೆ. ಲೇಖಕರು ಅವನ ಹಿಂದೆ ಹೋಗಲಿಲ್ಲ. ಮುಂದಿನ ಬೇಸಿಗೆಯಲ್ಲಿ ಅವನು ಮೇವಿಗೆ ಏನು ಮಾಡಿದ, ಎಷ್ಟು ಮರಿ ಉಳಿಸಿಕೊಂಡ, ಊಹಿಸಲು ನನಗಿಂತ ನೀವೇ ಸರಿ. ಬಿಡುವಾದಾಗ ಬರೆದು ಕಳಿಸಿ. ಹಾಗೆಯೇ, ಈಗ ನಿಮ್ಮ ಕಡೆ ಹೊಲದಲ್ಲಿ ಒಂದು ರಾತ್ರಿ ಮಂದೆ ನಿಲ್ಲಿಸಲು ಏನು ಕೊಡುತ್ತಾರೆ, ಅದನ್ನೂ ಸೇರಿಸಿ. ನಮ್ಮ ಅಣ್ಣನ ಹೊಲಕ್ಕೆ ಬೇಕಾಗಿದೆ.